ಮೊಸಳೆಯ ಮುಂದೆ ಮೌನ

ನನಗೊಂದು ಚಟವಿದೆ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ವಂದನಾರ್ಪಣೆ. ಕಡಲಾಚೆಯ ಫ್ಲವರ್ ಮೌಂಡ್ ಎಂಬ ಊರಿನ ನಮ್ಮ ಕನ್ನಡ ಬಳಗದಲ್ಲಿ ಯಾವ ಕಾರ್ಯಕ್ರಮವಾದರೂ ಕೊನೆಗೆ ಮೈಕ್ ಹಿಡಿಯುವವನು ನಾನೇ. ದೀಪ ಹಚ್ಚಿದವರಿಂದ ಹಿಡಿದು ಕುರ್ಚಿ ಜೋಡಿಸಿದವರವರೆಗೆ ಒಬ್ಬರನ್ನೂ ಬಿಡುವುದಿಲ್ಲ. ಅದಕ್ಕೇ ಇರಬೇಕು, ಸಭೆ ಎಂದರೆ ಸದ್ದಿಲ್ಲದೆ ಕೂರುವುದು ಎಂದೇ ನನ್ನ ನಂಬಿಕೆ. ಮೈಸೂರಿನ ಶಾಲೆಯಲ್ಲಿ ಬಾಯಿ ಮೇಲೆ ಬೆರಳಿಟ್ಟು ಬೆಳೆದವನು ನಾನು.

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಈ ನಂಬಿಕೆಯ ಗಾಳಿಯೂ ಸೋಕಿಲ್ಲ. ಒಂದು ವಾರ ಅವರ ಗಲಾಟೆ ತಡೆಯಲಾರದೆ, ನಮಗೆ ಪುಕ್ಕಟೆ ಹಾಲ್ ಕೊಡುವ ಮೇಲ್ವಿಚಾರಕಿ ಬಂದು, ಇನ್ನೊಂದು ಸಲ ಹೀಗಾದರೆ ಬೇರೆ ಜಾಗ ನೋಡಿಕೊಳ್ಳಿ ಎಂದು ನಗುನಗುತ್ತಲೇ ಹೇಳಿ ಹೋದರು. ಹಾಲ್ ಹೋದರೆ ತರಗತಿಯೂ ಹೋದಂತೆ. ಆಮೇಲೆ ಆ ಬೇಸರ ಮರೆಸಲೆಂದೋ ಏನೋ, ನಮ್ಮ ಮಕ್ಕಳಿಗೆಂದೇ ಒಂದು ಜರ್ಮನ್ ಕೈಗೊಂಬೆಯಾಟವನ್ನೂ ಅವರೇ ಗೊತ್ತು ಮಾಡಿದರು. ಇದು ನಮಗಿಟ್ಟ ಪರೀಕ್ಷೆ ಎಂದು ನಾನು ತೀರ್ಮಾನಿಸಿದೆ. ಆಟದ ದಿನ ಪಾರ್ಕಿಂಗ್ ಲಾಟಿನಲ್ಲಿ ಹದಿನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಒಳಗೆ ಯಾರಾದ್ರೂ ತುಟಿ ಬಿಚ್ಚಿದ್ರೆ ಪಿಜ್ಜಾ ಕಟ್" ಎಂದೆ.

"ಈವನ್ ಇನ್ ಎಮರ್ಜೆನ್ಸಿ, ಅಪ್ಪಾ?" ಎಂದಳು ಏಳು ವರ್ಷದ ಮಗಳು ಸಿಂಚನ.

"ಎಮರ್ಜೆನ್ಸಿ ಆದ್ರೂನೂ ಅಷ್ಟೇ."

ಆಟ ಆಡಿಸಲು ಬಂದವರು ಹೆಲ್ಗಾ ಎಂಬ ಅಜ್ಜಿ. ಆಸ್ಟಿನ್ ಪಕ್ಕದ ಗುಡ್ಡಗಾಡಿಗೆ ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ ಜರ್ಮನ್ ಮನೆತನ ಅವರದು. ಪುಟ್ಟ ಪರದೆಯ ಮೇಲೆ ಕೆಂಪು ಟೋಪಿಯ, ಉದ್ದ ಮೂಗಿನ ಗೊಂಬೆಯೊಂದು ಎದ್ದು, ಎಲ್ಲರೂ ಬಂದಿದ್ದೀರಾ ಮಕ್ಕಳೇ ಎಂದು ಇಂಗ್ಲಿಷಿನಲ್ಲೇ ಕೂಗಿ ಕೇಳಿತು. ಹದಿನಾಲ್ಕು ಬಾಯಿಗಳ ಮೇಲೆ ಹದಿನಾಲ್ಕು ಬೆರಳು. ಗೊಂಬೆ ಇನ್ನೊಮ್ಮೆ ಕೇಳಿತು. ಬೆರಳುಗಳು ಕದಲಲಿಲ್ಲ. ಅಷ್ಟರಲ್ಲಿ ಅದರ ಬೆನ್ನ ಹಿಂದೆ ಹಸಿರು ಮೊಸಳೆಯೊಂದು ಎದ್ದು ಬಾಯಿ ತೆರೆಯಿತು. ಗೊಂಬೆ, ಆಹಾ ಎಂಥ ಒಳ್ಳೆಯ ದಿನ ಎಂದಿತು. ಮೊಸಳೆ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಗೊಂಬೆ, ನಿಜಕ್ಕೂ ಒಳ್ಳೆಯ ದಿನ ಎಂದಿತು. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿಯ ಕಡೆಗೆ ನಾನು ‘ನೋಡಿದಿರಾ?’ ಎಂಬಂತೆ ಹುಬ್ಬು ಹಾರಿಸಿದೆ.

ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಭಾರತಿ ಮೊಣಕೈಯಿಂದ ತಿವಿದಳು. "ಏನ್ರೀ, ಬಾಗ್ಲಾಗ ಕೊಟ್ಟ ಕಾಗದ ಓದಿಲ್ಲೇನು? ಹುಡುಗ್ರು ಒದರಿ ಹೇಳೂತನಾ ಆ ಗೊಂಬಿ ಹಿಂದ ತಿರುಗಂಗಿಲ್ಲಂತ. ಪಾಪ, ಎತ್ತಿ ಹಿಡದು ಅಜ್ಜಿ ಕೈ ಸೋತಾವು!"

ಮಗಳತ್ತ ನೋಡಿದೆ. ಎರಡೂ ಕೈಗಳಿಂದ ಬಾಯಿ ಒತ್ತಿಕೊಂಡಿದ್ದಳು. ಕಣ್ಣು ತುಂಬಿತ್ತು. ಒಮ್ಮೆ ಮೊಸಳೆಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ನನ್ನ ಮಾತು ಉಳಿಸಲೆಂದು ಆ ಮಗು ಒಂದು ಜೀವವನ್ನೇ ಮೊಸಳೆಗೆ ಬಿಟ್ಟುಕೊಡಲು ಹೊರಟಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಎದ್ದು ನಿಂತವನೇ, "ಲೋ ಮಾರಾಯಾ, ಹಿಂದೆ ನೋಡೋ! ಮೊಸಳೆ!" ಎಂದು ಕಿರುಚಿದೆ.

ಆಮೇಲೆ ಹದಿನಾಲ್ಕು ಗಂಟಲು ಒಟ್ಟಿಗೇ ಬಿಚ್ಚಿಕೊಂಡವು. ಸೂರು ಹಾರಿಹೋಗದಿದ್ದುದೇ ಪುಣ್ಯ. ಎಲ್ಲರಿಗಿಂತ ಜೋರಾಗಿ ಕೂಗಿದವರು ಬಾಗಿಲಲ್ಲಿದ್ದ ಮೇಲ್ವಿಚಾರಕಿ. ಆಟ ಮುಗಿದ ಮೇಲೆ, ಇಂಥ ಮಕ್ಕಳಿಗೆ ಹಾಲ್ ಯಾವಾಗಲೂ ಇದ್ದೇ ಇರುತ್ತದೆ ಎಂದರು. ಹೆಲ್ಗಾ ತೋಳು ನೀವಿಕೊಳ್ಳುತ್ತ ಬಂದು, ನೀವು ಕೂಗದಿದ್ದರೆ ನನ್ನ ಗೊಂಬೆ ಇವತ್ತು ಉಳಿಯುತ್ತಿರಲಿಲ್ಲ ಎಂದು ನಕ್ಕರು. ವಂದಿಸುವುದರಲ್ಲಿ ಪಳಗಿದ ನನಗೆ ಅವತ್ತು ‘ಥ್ಯಾಂಕ್ಸ್’ ಬಿಟ್ಟು ಬೇರೇನೂ ಹೊರಡಲಿಲ್ಲ. ಕಣ್ಣು ತುಂಬಿಕೊಂಡಿದ್ದ ಮಗಳನ್ನು ನಗಿಸಿದ ಆ ಅಜ್ಜಿಗೆ ಇನ್ನೂ ನಾಲ್ಕು ಮಾತು ಸಲ್ಲಬೇಕಿತ್ತು.

ಆ ಬಾಕಿಯನ್ನೂ ತೀರಿಸೋಣವೆಂದು ಯುಗಾದಿ ಕಾರ್ಯಕ್ರಮದ ಕೊನೆಯಲ್ಲಿ ಮೈಕ್ ಹಿಡಿದೆ. ತಲೆ ತಗ್ಗಿಸಿ ಪಟ್ಟಿ ಓದುತ್ತ ಎರಡನೆಯ ಹಾಳೆಗೆ ಬಂದಿದ್ದೆ. ಮುಂದಿನ ಸಾಲಿನಿಂದ ಹದಿನಾಲ್ಕು ಗಂಟಲುಗಳು, "ಬಿಹೈಂಡ್ ಯೂ! ಬಿಹೈಂಡ್ ಯೂ!" ಎಂದು ಕೂಗಿದವು. ತಿರುಗಿ ನೋಡಿದೆ. ವೇದಿಕೆಯ ಕುರ್ಚಿಗಳೆಲ್ಲ ಖಾಲಿ. ಅಧ್ಯಕ್ಷರು, ಅತಿಥಿಗಳು, ಕೊನೆಗೆ ಭಾರತಿಯೂ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಸಭೆಯಲ್ಲಿ ಉಳಿದವರು ಈ ಮಕ್ಕಳು ಮಾತ್ರ.

"ನೀವ್ಯಾಕ್ರೋ ಇನ್ನೂ ಕೂತಿದೀರಿ?" ಎಂದೆ.

"ಯೂ ಡಿಡಂಟ್ ಟರ್ನ್ ಟಿಲ್ ನೌ, ಅಪ್ಪಾ" ಎಂದಳು ಸಿಂಚನ. "ಹೌ ಕ್ಯಾನ್ ವಿ ಗೋ?"

ಅವರಿಗಷ್ಟೇ ವಂದಿಸಿ ಮೈಕ್ ಆಫ್ ಮಾಡಿದೆ.