ಮಾಡು ಇಲ್ಲದ ಶಾಲೆ

ಸರ್ಕಾರಿ ಪ್ರೈಮರಿ ಶಾಲೆಯ ಹೆಡ್ ಟೀಚರಿಗೆ ಆಗುವಂಥ ತಮಾಷೆ ಕಳ್ಳನಿಗೂ ಆಗುವುದಿಲ್ಲ. ಕಳ್ಳ ಹೇಳಿದ್ದನ್ನಾದರೂ ಸರ್ಕಾರ ಕೇಳಿಸಿಕೊಳ್ಳುತ್ತದೆ.

ನಾನು ಹಂಚಿನ ಕಾರ್ಖಾನೆಯ ಕೂಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಉಳಿದ ಅಕ್ಷರ ಕಲಿತದ್ದು ಸಂಘದ ಕರಪತ್ರ ಓದಿ. ನಾವು ಸುಟ್ಟ ಹಂಚು ಹಡಗು ಹತ್ತಿ ಕಡಲಾಚೆ ಹೋಗುತ್ತಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ನನ್ನ ಮಗಳು ಕಲಿಯುವ ಶಾಲೆಯ ಮೇಲೆ ಮಾತ್ರ ಅರ್ಧಕ್ಕರ್ಧ ಹಂಚಿಲ್ಲ. ನಾವೇ ಹೊದಿಸುತ್ತೇವೆಂದು ಏಣಿ ತಂದರೆ, ಅಪ್ಪಣೆ ಇಲ್ಲದೆ ಸರ್ಕಾರಿ ಕಟ್ಟಡ ಹತ್ತಿದರೆ ಕೇಸು ಎಂದರು ಶಿಕ್ಷಣ ಇಲಾಖೆಯವರು. ಮಳೆಗೆ ಮಕ್ಕಳು ಬರುವುದು ನಿಂತರೆ ಶಾಲೆಯನ್ನೇ ಮುಚ್ಚುತ್ತಾರೆಂದು ಹೆಡ್ ಟೀಚರಿಗೆ ಹೆದರಿಕೆ.

೧. ಮೇಲಿನವನು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಘಟ್ಟದ ಮೇಲಿನಿಂದ ಒಬ್ಬರು ಶಾಲಾ ಇನ್‌ಸ್ಪೆಕ್ಟರು ಬಂದರು. ಅವರು ಛಾವಣಿ ಎನ್ನುವುದಕ್ಕೆ ನಾವು ಮಾಡು ಎನ್ನುತ್ತೇವೆ. ಇದು ಟೀಚರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

"ಸರ್, ನಮಗೆ ಮಾಡು ಆಗಬೇಕು" ಎಂದರು ಟೀಚರು.

"ಏನು ಮಾಡಬೇಕು?"

"ಮಾಡು, ಸರ್. ಮಾಡು ಇಲ್ಲ."

"ಮಾಡೋಣ ತಾಯಿ. ಏನೂಂತ ಹೇಳಿ."

ನನಗೆ ಪಿತ್ತ ನೆತ್ತಿಗೇರಿತು. "ಮೇಲೆ ನೋಡಿ ಸ್ವಾಮಿ" ಎಂದು ಕೈ ತೋರಿಸಿದೆ. ನೋಡಿದರು. ಹಂಚಿರಬೇಕಾದಲ್ಲಿ ಆಕಾಶ. ಭಕ್ತಿಯಿಂದ ಕೈಮುಗಿದು, "ಹೌದಪ್ಪ, ಮೇಲಿನವನು ಮಾಡೇ ಮಾಡುತ್ತಾನೆ" ಎಂದು ಹೊರಟೇಹೋದರು.

೨. ಗಂಟೆ

ಮೇಲಿನವನು ಮಾಡಲಿಲ್ಲ. ಟೀಚರು ನಮ್ಮ ವಾರ್ಡಿನ ಮೆಂಬರರ ಮನೆಗೆ ಚಪ್ಪಲಿ ಸವೆಸಿದರು. ಕೊನೆಗೆ ಮೆಂಬರರು ತಮ್ಮ ಹೆಸರು ಕೆತ್ತಿಸಿದ ಹಿತ್ತಾಳೆ ಗಂಟೆಯೊಂದನ್ನು ದಾನ ಕೊಟ್ಟು, ಹಾರ ಹಾಕಿಸಿಕೊಂಡು ಹೋದರು. ಗಂಟೆ ತೂಗಿಸೋಣವೆಂದರೆ ಮಾಡಿನ ಮರದ ಪಕ್ಕಾಸುಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಮೇಜಿನ ಮೇಲೆ ಕವುಚಿಟ್ಟೆವು. ಮಳೆ ಹಿಡಿಯಿತು. ಸೋರುವ ನೀರು ಗಂಟೆಯ ಮೇಲೆ ಟಣ್ ಟಣ್ ಎಂದು ಬಿತ್ತು. ಶಾಲೆ ಬಿಟ್ಟಿತೆಂದು ಮಕ್ಕಳು ಮನೆಗೆ ಓಡಿದರು. ಹಾಜರಿ ಯಾಕೆ ಕಡಿಮೆ ಎಂದು ಮೇಲಿನಿಂದ ಕೇಳಿದರು. ಮೆಂಬರರ ಗಂಟೆ ಎನ್ನಲು ಟೀಚರಿಗೆ ಧೈರ್ಯ ಎಲ್ಲಿಂದ ಬರಬೇಕು?

೩. ಹಂಚುವ ವ್ಯವಸ್ಥೆ

ಮರುವರ್ಷ ಟೀಚರು ಜಾಣರಾಗಿದ್ದರು. ಕೊಡಿಯಾಲ್‌ಬೈಲಿನ ಇಲಾಖೆಯ ಕಚೇರಿಗೆ ನನ್ನನ್ನೂ ಕರಕೊಂಡು ಹೋಗಿ, ಮಾಡು ಎಂಬ ಶಬ್ದವನ್ನೇ ಎತ್ತದೆ, "ಹಂಚು ಬೇಕು ಸರ್" ಎಂದರು. ಮಂಗಳೂರು ಹಂಚನ್ನು ಅರಿಯದವರು ಯಾರು? ಇನ್‌ಸ್ಪೆಕ್ಟರು ನಕ್ಕು, "ಮಳೆಗೆ ಮೊದಲೇ ಹಂಚುವ ವ್ಯವಸ್ಥೆ ಆಗುತ್ತದೆ" ಎಂದರು. ನಮ್ಮ ಕಿವಿಗೆ ಬಿದ್ದದ್ದು ಹಂಚು ಮಾತ್ರ. ಟೀಚರು ಬರುವ ದಾರಿಯಲ್ಲಿ ಮಕ್ಕಳಿಗೆಲ್ಲ ಬೆಲ್ಲದ ಮಿಠಾಯಿ ತೆಗೆದರು. ನಾವು ಕೂಲಿಗಳು ಭಾನುವಾರ ಅಂಗಳ ಗುಡಿಸಿ, ಹಂಚಿನ ಗಾಡಿ ನಿಲ್ಲಲು ಜಾಗ ಮಾಡಿದೆವು.

ಗಾಡಿ ಬರಲಿಲ್ಲ. ಬಂದದ್ದು ಆರ್ಡರು. ಕಟ್ಟಡ ಅಪಾಯಕಾರಿ, ಶಾಲೆ ಮುಚ್ಚಿದೆ. ಮಕ್ಕಳು ಮೂರು ಬೇರೆ ಬೇರೆ ಶಾಲೆಗಳಿಗೆ, ಹೆಡ್ ಟೀಚರು ಹೊಳೆಯಾಚೆಗೆ ವರ್ಗ.

ಬೀಗ ಹಾಕುವ ದಿನ ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಟೀಚರು ಬೈಯಲಿಲ್ಲ. ನನ್ನ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು ಹೇಳಿದರು:

"ಎಂತ ಮಾಡುವುದು ಮಾರಾಯ್ರೆ. ನಾವು ಕೇಳಿದ್ದು ಹಂಚು. ಅವರು ಮಕ್ಕಳನ್ನು ಹಂಚಿದರು."