ಆಯುಧಪೂಜೆಗೆ ಕುಳಿತ ಕಾಲನ್ನು ಅನುಮತಿಯಿಲ್ಲದೆ ಕದಲಿಸಿರುವ ಬಗ್ಗೆ

ಸಣ್ಣ ಕೈಗಾರಿಕಾ ಸಂಶೋಧನಾ ಸಹಾಯ ವಿಭಾಗ
(ವೈದ್ಯಕೀಯ ಮತ್ತು ರಕ್ಷಣಾ ಉಪಕರಣಗಳು)
ಚನ್ನಗಿರಿ ಕಛೇರಿ

ಸಂಖ್ಯೆ: ಸಂಸವಿ/ಚ/ಕಾಲು-1/82-83
ದಿನಾಂಕ: 15-2-1983

ಸುತ್ತೋಲೆ

ವಿಷಯ: ಸರ್ಕಾರದ ಸಹಾಯಧನದಿಂದ ತಯಾರಾದ ಕೃತಕ ಕಾಲನ್ನು ಪೂಜೆಯಿಂದ ಎತ್ತಿ ಕೊಟ್ಟಿರುವುದು, ಮತ್ತು ಇನ್ನು ಮುಂದೆ ಅನುಸರಿಸಬೇಕಾದ ಕ್ರಮ.

ಉಲ್ಲೇಖ:
1) ಮಾಜಿ ಸೈನಿಕರಾದ ಬಸವಾಪಟ್ಟಣದ ಶ್ರೀ ಓಂಕಾರಪ್ಪನವರ ಹನ್ನೊಂದು ಅರ್ಜಿಗಳು.
2) ಜಗಳೂರಿನಿಂದ ಬಂದ ಒಂದು ಅಂಚೆ ಕಾರ್ಡು.
3) ಕಛೇರಿಯ ಕಸ ಗುಡಿಸುವ ಶ್ರೀಮತಿ ಹನುಮಂತಮ್ಮನವರ ಬಾಯಿಮಾತಿನ ಸಮಜಾಯಿಷಿ.

ಚನ್ನಗಿರಿ, ಹೊನ್ನಾಳಿ ಕಛೇರಿಗಳು ಮತ್ತು ನ್ಯಾಮತಿ ಉಪಕಛೇರಿಯ ಸಿಬ್ಬಂದಿಗೆ ಈ ಕೆಳಗಿನ ಸಂಗತಿಗಳನ್ನು ತಿಳಿಯಪಡಿಸಲಾಗಿದೆ. ಓದಿದವರು ಅಂಚಿನಲ್ಲಿ ಸಹಿ ಮಾಡತಕ್ಕದ್ದು. ಓದದೆ ಸಹಿ ಮಾಡಿದವರು ಹಾಗೆಂದು ಪಕ್ಕದಲ್ಲಿ ಬರೆಯತಕ್ಕದ್ದು.

1. ಬಸವಾಪಟ್ಟಣದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಶ್ರೀ ವಿರೂಪಾಕ್ಷಪ್ಪನವರು ಈ ವಿಭಾಗದ ಸಹಾಯಧನ ಯೋಜನೆಯಡಿ ಒಂದು ಕೃತಕ ಕಾಲನ್ನು ತಯಾರಿಸಿದ್ದರು. ಹೊನ್ನೆ ಮರ, ಸೈಕಲ್ ಸೀಟಿನ ಸ್ಪ್ರಿಂಗು ಮತ್ತು ಹಳೆಯ ಬಸ್ ಟೈರಿನಿಂದ ಮಾಡಿದ ಈ ಕಾಲು, 1971ರ ಯುದ್ಧದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಶ್ರೀ ಓಂಕಾರಪ್ಪನವರ ಅಳತೆಯದು.

2. ಸದರಿ ಕಾಲು ವೈದ್ಯಕೀಯವೋ ರಕ್ಷಣೆಯೋ ಎಂಬ ಪ್ರಶ್ನೆ ಉದ್ಭವಿಸಿದ್ದರಿಂದ, ಚರ್ಮಕ್ಕೆ ತಗಲುವ ಭಾಗವನ್ನು ವೈದ್ಯಕೀಯವೆಂದೂ, ದೇಶದ ನೆಲಕ್ಕೆ ತಗಲುವ ಭಾಗವನ್ನು ರಕ್ಷಣೆಯೆಂದೂ ತೀರ್ಮಾನಿಸಲಾಯಿತು. ನಡುವಣ ಮರದ ಬಗ್ಗೆ ಬೆಂಗಳೂರಿಗೆ ಬರೆಯಲಾಗಿದೆ. ಉತ್ತರ ಬರುವವರೆಗೆ ಅದು ಮರ ಮಾತ್ರ.

3. ರಕ್ಷಣಾ ಉಪಕರಣದ ಹೆಜ್ಜೆ ಗುರುತು ಗೌಪ್ಯವಾಗಿರಬೇಕಾದ್ದರಿಂದ, ಸೂಳೆಕೆರೆ ಏರಿಯ ಮೇಲೆ ನಡೆಸಿದ ಮೊದಲ ಪರೀಕ್ಷೆಯಲ್ಲಿ ಬೇವಿನ ಸೊಪ್ಪು ಹಿಡಿದು ಹಿಂದಿನಿಂದ ಗುರುತು ಅಳಿಸುತ್ತ ಬರಲು ಗುಮಾಸ್ತ ಶ್ರೀ ಮರುಳಪ್ಪನವರನ್ನು ನೇಮಿಸಲಾಗಿತ್ತು. ಅವರು ಎರಡೂ ಕಾಲಿನ ಗುರುತುಗಳನ್ನು ಅಳಿಸಿದರು. ಹೀಗಾಗಿ ಶ್ರೀ ಓಂಕಾರಪ್ಪನವರು ನಡೆದರೆಂಬುದಕ್ಕೆ ಸ್ಥಳದಲ್ಲಿ ಯಾವ ಪುರಾವೆಯೂ ಸಿಗಲಿಲ್ಲ. ಎರಡನೆಯ ಪರೀಕ್ಷೆಗೆ ದಿನ ಗೊತ್ತುಮಾಡುವವರೆಗೆ ಕಾಲನ್ನು ಈ ಕಛೇರಿಯಲ್ಲಿ ಇರಿಸಿಕೊಳ್ಳಲಾಯಿತು.

4. ಅಷ್ಟರಲ್ಲಿ ಆಯುಧಪೂಜೆ ಬಂದಿತು. ಅಂದಿನ ಅಧಿಕಾರಿಗಳಾದ ಶ್ರೀ ತಿಪ್ಪೇರುದ್ರಸ್ವಾಮಿಯವರು ಬೆರಳಚ್ಚು ಯಂತ್ರ, ತಕ್ಕಡಿ, ಸೈಕಲ್ ಪಂಪು ಇವುಗಳ ಜೊತೆ ಕಾಲನ್ನೂ ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಶ್ರದ್ಧೆಯಿಂದ ಪೂಜೆ ಸಲ್ಲಿಸಿದರು. ಪೂಜೆಗೆ ಕುಳಿತವರೇ ಮಾರನೆಯ ದಿನ ಅದನ್ನು ಕದಲಿಸಬೇಕು. ಅಲ್ಲಿಯವರೆಗೆ ಆಯುಧವನ್ನು ಯಾರೂ ಮುಟ್ಟಿ ಕೆಲಸಕ್ಕೆ ಹಚ್ಚಬಾರದು ಎಂಬುದು ಈ ಕಛೇರಿಯ ವಾಡಿಕೆ. ಆದರೆ ಮಾರನೆಯ ಬೆಳಿಗ್ಗೆ ಅವರು ವರ್ಗದ ಆದೇಶದಂತೆ ಜಗಳೂರಿನ ಬಸ್ಸು ಹತ್ತಿದ್ದರು.

5. ಬಂದು ಕದಲಿಸಿ ಹೋಗುವಂತೆ ಕೋರಿದ ಪತ್ರಕ್ಕೆ ಅವರು ಕಾರ್ಡಿನಲ್ಲಿ ಉತ್ತರಿಸಿ, ತಾವು ಈಗ ಜಗಳೂರಿನ ಅಧಿಕಾರಿಯಾಗಿದ್ದು ಚನ್ನಗಿರಿಯ ದೇವರ ಮೇಲೆ ತಮಗೆ ಅಧಿಕಾರವಿಲ್ಲವೆಂದು ತಿಳಿಸಿದ್ದಾರೆ. ಈ ನಿಲುವಿನಲ್ಲಿ ತಪ್ಪು ಕಾಣಬಂದಿಲ್ಲ. ಅಂದಿನಿಂದ ಕಛೇರಿಯ ಪತ್ರಗಳನ್ನೆಲ್ಲ ಕೈಯಲ್ಲಿ ಬರೆಯಲಾಗಿದೆ. ತೂಕಗಳನ್ನು ಅಂದಾಜಿನ ಮೇಲೆ ನಮೂದಿಸಲಾಗಿದೆ.

6. ಶ್ರೀ ಓಂಕಾರಪ್ಪನವರು ಪ್ರತಿ ಸೋಮವಾರ ಕೋಲೂರಿಕೊಂಡು ಬರುತ್ತಿದ್ದುದು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ದಾಖಲಾಗಿದೆ. ಶ್ರೀ ಮರುಳಪ್ಪನವರು "ಕಾಲು ಪೂಜಿಗೆ ಕುಂತೈತೆ ನೋಡಪ್ಪ, ಎಬ್ಸಾಕೆ ಸಾಹೇಬ್ರಿಲ್ಲ" ಎಂದೂ, ಅರ್ಜಿದಾರರು "ಅದು ಕುಂತ್ರೆ ನಾನೂ ಕುಂತಂಗೆ ರೀ. ವಿರೂಪಾಕ್ಷಪ್ಪಾರು ಹಾಸಿಗಿ ಹಿಡಿದಾರೆ. ನಾನು ಹೋದಾಗೆಲ್ಲ ಮಖ ನೋಡಾಕಿಂತ ಮೊದ್ಲು ಕಾಲು ನೋಡ್ತಾರೆ. ನಾನೇನು ಹೇಳ್ಲಿ" ಎಂದೂ ಹೇಳಿರುವುದು ತಿಳಿದುಬಂದಿದೆ. ಅರ್ಜಿಯಲ್ಲಿ ನೋಡುವುದರ ಬಗ್ಗೆ ಯಾವ ಅಂಕಣವೂ ಇಲ್ಲದ್ದರಿಂದ ಇದನ್ನು ಪರಿಗಣಿಸಲಾಗಲಿಲ್ಲ.

7. ದಿನಾಂಕ 24-1-1983ರ ಸೋಮವಾರ ಶ್ರೀ ಓಂಕಾರಪ್ಪನವರು ಮೊದಲ ಬಸ್ಸಿಗೆ ಬಂದು, ವಿರೂಪಾಕ್ಷಪ್ಪನವರು ಬೆಳಗಿನ ಜಾವ ಲಿಂಗೈಕ್ಯರಾದರೆಂದೂ, ಅವರನ್ನು ಕೂರಿಸಿ ಹೊರುವ ಮಂಟಪಕ್ಕೆ ಹೆಗಲು ಕೊಡಲು ತಮಗೆ ಆ ದಿನವೇ ಕಾಲು ಬೇಕೆಂದೂ ಕೇಳಿದರು. ಪ್ರಭಾರ ಅಧಿಕಾರಿಗಳು ಹೊನ್ನಾಳಿಯಿಂದ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಆದ್ದರಿಂದ ಶ್ರೀ ಮರುಳಪ್ಪನವರು ಮೂರು ಪ್ರತಿಗಳಲ್ಲಿ ಅರ್ಜಿ ಬರೆದುಕೊಟ್ಟು ನಾಳೆ ಬರುವಂತೆ ತಿಳಿಸಿದರು. ಅರ್ಜಿದಾರರು "ನಾಳೆ ತಂಕ ಕಾಯಾಕೆ ಅವ್ರಿಗೆ ಹೇಳ್ಲೇನ್ರಿ" ಎಂದರು. ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಗುಮಾಸ್ತರಿಗಿಲ್ಲ.

8. ಆಗ ಶ್ರೀಮತಿ ಹನುಮಂತಮ್ಮನವರು ಕಸಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಒಣಗಿದ ಹಾರ ತೆಗೆದು, ನೀರು ಚಿಮುಕಿಸಿ, ಪೂಜೆಯನ್ನು ತಾವೇ ಕದಲಿಸಿ, ಕಾಲನ್ನು ಸೆರಗಿನಿಂದ ಒರೆಸಿ ಅರ್ಜಿದಾರರ ಕೈಗೆ ಕೊಟ್ಟರೆಂದು ವರದಿಯಾಗಿದೆ. ವಿಚಾರಿಸಲಾಗಿ ಅವರು ಕೊಟ್ಟ ಸಮಜಾಯಿಷಿ ಹೀಗಿದೆ: "ಮೂರು ತಿಂಗ್ಳಿಂದ ಅದರ ಧೂಳು ಹೊಡ್ದೋಳು ನಾನು. ಹೂವು ಒಣಗಿ ಉದುರಿದ ಮ್ಯಾಲೆ ಪೂಜಿ ಎಲ್ಲೈತೆ ರೀ? ಅಲ್ಲಿ ಸತ್ತೋರು ಕುಂತಾರೆ, ಇಲ್ಲಿ ಕಾಲು ಕುಂತೈತೆ. ಒಂದನ್ನಾದ್ರೂ ಎಬ್ಬಿಸಬೌದಲ್ಲ ಅಂತ ಎಬ್ಬಿಸಿದೆ. ತಪ್ಪಾಗಿದ್ರೆ ಶಿವ ಕೇಳ್ಲಿ, ಹೇಳ್ತೀನಿ."

9. ಸದರಿ ಶಿವನು ಈ ವಿಭಾಗದ ಮೇಲಧಿಕಾರಿಗಳ ಪಟ್ಟಿಯಲ್ಲಿ ಇಲ್ಲದ್ದರಿಂದ ಆಕೆಗೆ ಕಾರಣ ಕೇಳುವ ನೋಟೀಸು ಕೊಡಲಾಗಿದೆ. ಅದೇ ಗಳಿಗೆಯಲ್ಲಿ ಬೆರಳಚ್ಚು ಯಂತ್ರವೂ ಕದಲಿದಂತಾದ್ದರಿಂದ ನೋಟೀಸನ್ನು ಅದರಲ್ಲಿಯೇ ಬೆರಳಚ್ಚು ಮಾಡಲಾಯಿತು. ಆಕೆಗೆ ಓದಲು ಬಾರದಿರುವುದರಿಂದ ಶ್ರೀ ಮರುಳಪ್ಪನವರು ಓದಿ ಹೇಳಿದರು. ಓದುವಾಗ ಅವರು ಎರಡು ಬಾರಿ ನಿಲ್ಲಿಸಿದುದಕ್ಕೆ ಅವರಿಂದಲೂ ಕಾರಣ ಕೇಳಲಾಗಿದೆ.

10. ಇನ್ನು ಮುಂದೆ ಈ ಕೆಳಗಿನಂತೆ ನಡೆದುಕೊಳ್ಳಲು ಸೂಚಿಸಲಾಗಿದೆ:
(ಅ) ಅಧಿಕಾರಿಗಳು ಪೂಜೆಗೆ ಕೂರುವ ಮುನ್ನ ತಮ್ಮ ವರ್ಗದ ಆದೇಶ ಹೊರಟಿದೆಯೇ ಎಂಬುದನ್ನು ತಂತಿ ಮೂಲಕ ವಿಚಾರಿಸತಕ್ಕದ್ದು.
(ಆ) ಮನುಷ್ಯರ ಅಂಗವನ್ನು ಪೂಜೆಗೆ ಇಡುವುದಾದಲ್ಲಿ ಅಂಗದವರನ್ನೂ ಪಕ್ಕದಲ್ಲಿ ಕೂರಿಸತಕ್ಕದ್ದು. ಅವರಿಗೆ ಹಾರ ಕಡ್ಡಾಯವಲ್ಲ.
(ಇ) ಯಾರಾದರೂ ಸತ್ತ ದಿನ ಅಧಿಕಾರಿಗಳು ಕಛೇರಿಯಲ್ಲಿ ಇಲ್ಲದಿದ್ದರೆ, ಇರುವವರಲ್ಲಿ ಮೊದಲು ಕೈ ತೊಳೆದವರೇ ಅಧಿಕಾರಿಯೆಂದು ಭಾವಿಸತಕ್ಕದ್ದು.

11. ಆ ದಿನದ ನಡಿಗೆಯನ್ನೇ ಎರಡನೆಯ ಪರೀಕ್ಷೆಯೆಂದು ಒಪ್ಪಲಾಗಿದೆ. ಪ್ರಭಾರ ಅಧಿಕಾರಿಗಳು ಬಸವಾಪಟ್ಟಣಕ್ಕೆ ಖುದ್ದಾಗಿ ಹೋಗಿ, ತಯಾರಕರ ಪತ್ನಿ ಶ್ರೀಮತಿ ಶಂಕ್ರಮ್ಮನವರ ಸಮಕ್ಷಮ ಪರೀಕ್ಷಾ ನಮೂನೆಯನ್ನು ಕೆಳಗಿನಂತೆ ಭರ್ತಿ ಮಾಡಿದ್ದಾರೆ:

ನಡೆದ ದೂರ: ತಯಾರಕರ ಮನೆಯಿಂದ ರುದ್ರಭೂಮಿಯವರೆಗೆ.
ನೆಲ: ಅರ್ಧ ರಸ್ತೆ, ಅರ್ಧ ಉತ್ತ ಹೊಲ.
ಹೊತ್ತ ಭಾರ: ತಯಾರಕರು.
ನಡುವೆ ಹೆಗಲು ಬದಲಾಯಿಸಿದ್ದು: ಇಲ್ಲ. ಬೇರೆಯವರು ಕೇಳಿದರೂ ಕೊಡಲಿಲ್ಲವೆಂದು ಶ್ರೀಮತಿ ಶಂಕ್ರಮ್ಮನವರ ಹೇಳಿಕೆ.
ಕಾಲಿನ ಸ್ಥಿತಿ: ಚೆನ್ನಾಗಿದೆ.
ತಯಾರಕರ ಸಹಿ: 

12. ಕೊನೆಯ ಅಂಕಣ ಖಾಲಿ ಇರುವ ಕಾರಣ ನಮೂನೆಯನ್ನು ಹಿಂದಿರುಗಿಸಕೂಡದು. ಆ ಜಾಗದಲ್ಲಿ ಬೇರೆ ಯಾರೂ ಸಹಿ ಮಾಡಕೂಡದು.

(ಸಹಿ) ಪಂಚಾಕ್ಷರಪ್ಪ
ಪ್ರಭಾರ ಅಧಿಕಾರಿ

ಪ್ರತಿಗಳು:
1. ಹೊನ್ನಾಳಿ ಕಛೇರಿ ಮತ್ತು ನ್ಯಾಮತಿ ಉಪಕಛೇರಿಗೆ, ಗೋಡೆಗೆ ಅಂಟಿಸಲು. ನ್ಯಾಮತಿಯಲ್ಲಿ ಗೋಡೆ ರಿಪೇರಿಯಲ್ಲಿರುವುದರಿಂದ ಕೈಯಲ್ಲಿ ಹಿಡಿದುಕೊಳ್ಳಲು.
2. ಶ್ರೀ ತಿಪ್ಪೇರುದ್ರಸ್ವಾಮಿ, ಜಗಳೂರು, ಇವರಿಗೆ. ಚೆಂಡುಹೂವಿನ ಒಣ ಹಾರವನ್ನು ಲಗತ್ತಿಸಿದೆ.
3. ಬೆಂಗಳೂರಿಗೆ, ನಡುವಣ ಮರದ ಬಗ್ಗೆ ನೆನಪೋಲೆಯಾಗಿ.
4. ಶ್ರೀಮತಿ ಹನುಮಂತಮ್ಮನವರಿಗೆ, ಓದಿ ಹೇಳಲು. ಈ ಸಲ ನಿಲ್ಲಿಸಿದರೂ ಕಾರಣ ಕೇಳುವುದಿಲ್ಲ.
5. ಶ್ರೀ ಓಂಕಾರಪ್ಪ, ಬಸವಾಪಟ್ಟಣ, ಇವರಿಗೆ. ಕಾಲನ್ನು ಕಛೇರಿಗೆ ಒಪ್ಪಿಸಬೇಕಾಗಿಲ್ಲ.