ಅನುಮತಿಯಿಲ್ಲದೆ ಬ್ರೇಕ್ ಒತ್ತಿದ ಚಾಲಕನ ಕುರಿತು

ಕೇಂದ್ರ ಕಚೇರಿ, ವಾಹನ ಶಾಖೆ
ಸಂಖ್ಯೆ: ವಾಶಾ/ಬ್ರೇಕ್/ಹಠಾತ್/2 (ಹಠಾತ್/1 ಅನ್ನು ಹುಡುಕಲಾಗುತ್ತಿದೆ)
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಇಲಾಖೆಯ ಕಾರುಗಳು ಒಂದಕ್ಕೊಂದು ಗುದ್ದಿಕೊಂಡ ಕಾರಣಗಳು, ಅವು ಮರುಕಳಿಸದಂತೆ ಚಾಲಕರು ವಹಿಸಬೇಕಾದ ಎಚ್ಚರ, ಹಾಗೂ ಎಚ್ಚರ ವಹಿಸಿದ ಚಾಲಕನ ಮೇಲೆ ಕ್ರಮ.

ಉಲ್ಲೇಖ: 1. ವಿಚಾರಣಾ ಸಮಿತಿಯ ವರದಿ. 2. ನಿರ್ದೇಶಕರ ಮೌಖಿಕ ಸಿಟ್ಟು.

ಪ್ರಸ್ತಾವನೆ:

ರಸ್ತೆ ಸುರಕ್ಷತಾ ಸಪ್ತಾಹದ ಉದ್ಘಾಟನೆಗೆಂದು ಇಲಾಖೆಯ ಕಾರುಗಳು ಕಚೇರಿಯಿಂದ ಸಾಲಾಗಿ ಹೊರಟಿದ್ದವು. ಹೊರಡಬೇಕಾದ ಹೊತ್ತಿಗೆ ನಿರ್ದೇಶಕರು ಇನ್ನೂ ಗಡ್ಡ ಹೆರೆಯುತ್ತಿದ್ದುದರಿಂದ ಉಳಿದವರೆಲ್ಲರೂ ಅವಸರದಲ್ಲಿದ್ದರು. ಮುಂದೆ ನಿರ್ದೇಶಕರ ಕಾರು, ಅದರ ಹಿಂದೆ ಉಪನಿರ್ದೇಶಕರದು, ಆಮೇಲೆ ಲೆಕ್ಕಾಧಿಕಾರಿಗಳದು, ಹೀಗೆ ಹುದ್ದೆಯ ಅನುಕ್ರಮದಲ್ಲಿ ಸಾಗಿ ಕೊನೆಗೆ ಕರಪತ್ರ ತುಂಬಿದ ಜೀಪು. ನಡುವೆ ಹೊರಗಿನ ಸ್ಕೂಟರೊಂದು ನುಸುಳಿದರೂ ಅನುಕ್ರಮ ಕೆಡುವುದರಿಂದ, ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡೇ ಹೋಗುವುದು ಇಲಾಖೆಯಲ್ಲಿ ನಡೆದುಬಂದ ಪದ್ಧತಿ.

ಎರಡನೇ ಕಾರಿನ ಚಾಲಕ ಮಾತ್ರ ಈ ಪದ್ಧತಿಗೆ ಒಗ್ಗದವನು. ಮುಂದಿನ ಕಾರಿಗೂ ತನ್ನದಕ್ಕೂ ನಡುವೆ ಲಾರಿ ಹಿಡಿಸುವಷ್ಟು ಜಾಗ ಬಿಡುವ ಚಾಳಿಯಿಂದಾಗಿ ಶೆಡ್ಡಿನಲ್ಲಿ ಅವನಿಗೆ ಗ್ಯಾಪಣ್ಣ ಎಂಬ ಹೆಸರು ಬಿದ್ದಿದೆ. ಅಂದು ಉಪನಿರ್ದೇಶಕರು ಹಿಂದಿನ ಸೀಟಿನಿಂದ 'ಅಂಟಿಸು, ಅಂಟಿಸು' ಎಂದು ಭುಜ ತಿವಿಯುತ್ತಿದ್ದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲಾಖೆಯೇ ಹಿಂದಿನ ದಿನ ಬಳಿಸಿದ್ದ ಜೀಬ್ರಾ ಪಟ್ಟೆಗಳನ್ನು ನಂಬಿ ವೃದ್ಧರೊಬ್ಬರು ರಸ್ತೆಗಿಳಿದರು. ನಿರ್ದೇಶಕರ ಕಾರು ಹಾರ್ನ್ ಹೊಡೆದು ಅವರನ್ನು ಹಿಮ್ಮೆಟ್ಟಿಸಿ ಮುಂದೆ ಹೋಯಿತು. ಅವರು ಮತ್ತೆ ಕಾಲಿಟ್ಟಾಗ ಗ್ಯಾಪಣ್ಣ ಬ್ರೇಕ್ ಒತ್ತಿದ. ಕಾರು ಪಟ್ಟೆಯ ಈಚೆಗೇ ನಿಂತಿತು. ವೃದ್ಧರು ಕೈಯೆತ್ತಿ ನಮಸ್ಕಾರ ಮಾಡಿ ದಾಟಿಕೊಂಡರು. ಅಷ್ಟರಲ್ಲಿ ಲೆಕ್ಕಾಧಿಕಾರಿಗಳ ಕಾರು ಹಿಂದಿನಿಂದ ಬಂದು ಗುದ್ದಿತು. ಅದಕ್ಕೆ ನಾಲ್ಕನೆಯದು, ನಾಲ್ಕನೆಯದಕ್ಕೆ ಐದನೆಯದು, ಹೀಗೆ ಹಿರಿತನಕ್ಕೆ ಎಲ್ಲಿಯೂ ಚ್ಯುತಿ ಬಾರದಂತೆ ಎಲ್ಲವೂ ಗುದ್ದಿಕೊಂಡವು. ಜೀಪಿನಿಂದ ಹಾರಿದ 'ವಾಹನಗಳ ನಡುವೆ ಅಂತರವಿರಲಿ' ಎಂಬ ಕರಪತ್ರಗಳು ರಸ್ತೆ ತುಂಬ ಹರಡಿದವು. ಅವುಗಳ ವಿತರಣೆ ಯಶಸ್ವಿಯಾಗಿದೆ ಎಂದು ದಾಖಲಿಸಲಾಗಿದೆ.

ಪಕ್ಷಪಾತಕ್ಕೆ ಎಡೆಯಿರಬಾರದೆಂದು, ಭುಜ ತಿವಿದ ಉಪನಿರ್ದೇಶಕರನ್ನೇ ವಿಚಾರಣಾ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ವಿಚಾರಣೆಯಲ್ಲಿ ಕಂಡುಬಂದಂತೆ, ಮೂರನೇ ಕಾರಿನ ಚಾಲಕ, ಲೆಕ್ಕಾಧಿಕಾರಿಗಳು ಅವನ ಮುಖದ ಮುಂದೆ ಹಿಡಿದ ಫೋನಿನಲ್ಲಿ ಅವರ ಹೊಸ ಮನೆಯ ಬಾಗಿಲಿನ ಫೋಟೋ ನೋಡುತ್ತಿದ್ದ. ನಾಲ್ಕನೆಯವನು ತನ್ನ ಸಾಹೇಬರ ನೆಂಟರನ್ನು ರೈಲಿಗೆ ಬಿಟ್ಟುಬರಲು ರಾತ್ರಿಯೆಲ್ಲ ಓಡಾಡಿ ತೂಕಡಿಸುತ್ತಿದ್ದ. ಐದನೇ ಕಾರಿನ ಟೈರು ಬೋಳಾಗಿತ್ತು. ಆರನೆಯದರ ಸೀಟ್ ಬೆಲ್ಟು, ಎಚ್ಚರಿಕೆಯ ಸದ್ದು ಬಾರದಿರಲೆಂದು, ಬೆನ್ನ ಹಿಂದೆ ಸಿಕ್ಕಿಸಲ್ಪಟ್ಟಿತ್ತು. ವೇಗದ ಮಿತಿಯನ್ನು ಎಲ್ಲರೂ ಮೀರಿದ್ದರು. ಆದರೆ ಇವೆಲ್ಲ ದಿನನಿತ್ಯ ನಡೆಯುವಂಥವಾದ್ದರಿಂದ ಇವನ್ನು ಅಪಘಾತದ ಕಾರಣಗಳೆಂದು ಪರಿಗಣಿಸಲು ಬರುವುದಿಲ್ಲ. ಅಂದು ಹೊಸದಾಗಿ ನಡೆದದ್ದು ಒಂದೇ, ಬ್ರೇಕ್. ಆದ್ದರಿಂದ ಕಾರಣ ಬ್ರೇಕ್ ಎಂದು ಸಮಿತಿಯು ಒಮ್ಮತದಿಂದ ತೀರ್ಮಾನಿಸಿದೆ.

ಮೂರನೇ ಕಾರಿನ ಚಾಲಕ ಗ್ಯಾಪಣ್ಣನ ಹೆಂಡತಿಯ ತಮ್ಮ. ಭಾವನ ತಪ್ಪನ್ನು ಹೇಳೆಂದು ಕೇಳಿದಾಗ ಅವನು, "ಭಾವ ಬ್ರೇಕ್ ಹಾಕಿದ್ದು ನಂಗೆ ಗೊತ್ತಾಗಿದ್ದೇ ಗುದ್ದಿದ ಮೇಲೆ ಸಾರ್. ಅಲ್ಲೀವರ್ಗೂ ಬಾಗಿಲು ನೋಡ್ತಿದ್ದೆ" ಎಂದ. ಬ್ರೇಕ್ ಹಾಕಿದ್ದನ್ನು ಸಾಕ್ಷಿಯು ಒಪ್ಪಿಕೊಂಡಿದ್ದಾನೆ ಎಂದು ಬರೆದುಕೊಳ್ಳಲಾಯಿತು. ಅಕ್ಕನು ಅಂದಿನಿಂದ ತಮ್ಮನೊಂದಿಗೆ ಮಾತು ಬಿಟ್ಟಿರುವುದು ಅವರ ಮನೆಯ ವಿಚಾರವಾಗಿದ್ದು, ಇಲಾಖೆಗೆ ಸಂಬಂಧಿಸಿರುವುದಿಲ್ಲ.

ಗ್ಯಾಪಣ್ಣ ಹೇಳಿದ್ದಿಷ್ಟು: "ಅಜ್ಜ ಅಡ್ಡ ಬಂದ್ರು, ನಿಲ್ಲಿಸ್ದೆ. ಇನ್ನೇನು ಮಾಡ್ಬೇಕಿತ್ತು, ನೀವೇ ಹೇಳಿ." ಈ ಪ್ರಶ್ನೆಗೆ ಉತ್ತರಿಸಲು ಸಮಿತಿಯು ಕಾಲಾವಕಾಶ ಕೋರಿದೆ.

ಅವನಿಂದ ಕೀಲಿಕೈ ಕಿತ್ತುಕೊಂಡು ಶೆಡ್ಡಿನ ಬೆಂಚಿನ ಮೇಲೆ ಕೂರಿಸಲಾಯಿತು. ಮುಂದೆ ಮೇಲಧಿಕಾರಿಗಳ ಅನುಮತಿಯಿಲ್ಲದೆ ಬ್ರೇಕ್ ಒತ್ತುವುದಿಲ್ಲವೆಂದು ಬರೆದುಕೊಟ್ಟರೆ ಕಾರು, ಇಲ್ಲವಾದರೆ ಮನೆ ಎಂದು ತಿಳಿಸಲಾಯಿತು. ಉಳಿದ ಚಾಲಕರೆಲ್ಲ ಮರುಮಾತಿಲ್ಲದೆ ಬರೆದುಕೊಟ್ಟರು. ಭಾವಮೈದುನ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಕ್ಕನ ಮುಖ ನೋಡಿಯಾದರೂ ಒಂದು ಸಾಲು ಗೀಚಿಕೊಡಿ, ಆಮೇಲೆ ನಿಮ್ಮ ಕಾಲು ಏನು ಒತ್ತುತ್ತದೆಂದು ಯಾರು ಬಗ್ಗಿ ನೋಡುತ್ತಾರೆ ಎಂದು ಗೋಗರೆದ. ಗ್ಯಾಪಣ್ಣ ಹೀಗೆಂದನೆಂದು ವರದಿಯಾಗಿದೆ: "ಕೈ ಬರೆದದ್ದನ್ನ ಕಾಲು ಓದ್ಬಿಡುತ್ತೆ ಕಣೋ. ಒತ್ತೋದಾ ಬೇಡ್ವಾ ಅಂತ ಅದು ಒಂದು ಗಳಿಗೆ ಯೋಚ್ನೆ ಮಾಡಿದ್ರೆ ಸಾಕು, ಅಜ್ಜ ಇರಲ್ಲ."

ಈ ಹಿನ್ನೆಲೆಯಲ್ಲಿ ಎಲ್ಲ ಚಾಲಕರಿಗೆ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ಬ್ರೇಕ್ ಒತ್ತುವ ಮೊದಲು ಹಿಂದಿನ ಸೀಟಿನಲ್ಲಿರುವ ಅಧಿಕಾರಿಯ ಒಪ್ಪಿಗೆ ಪಡೆಯತಕ್ಕದ್ದು. ಅಧಿಕಾರಿಯು ನಿದ್ರಿಸುತ್ತಿದ್ದಲ್ಲಿ ಅವರು ತಾವಾಗಿ ಏಳುವವರೆಗೆ ಕಾಯತಕ್ಕದ್ದು. ಹಠಾತ್ ಬ್ರೇಕ್ ಬೇಕಾದಲ್ಲಿ ಹಿಂದಿನ ದಿನವೇ ಅರ್ಜಿ ಸಲ್ಲಿಸತಕ್ಕದ್ದು.

2. ಎರಡು ಕಾರುಗಳ ನಡುವಿನ ಅಂತರವು ಅವುಗಳಲ್ಲಿ ಕುಳಿತವರ ಹುದ್ದೆಗಳ ಅಂತರಕ್ಕೆ ಸಮನಾಗಿರತಕ್ಕದ್ದು. ಸಮಾನ ಹುದ್ದೆಯವರ ಕಾರುಗಳು ಒಂದನ್ನೊಂದು ತಾಗಿಕೊಂಡು ಚಲಿಸತಕ್ಕದ್ದು. ಬಡ್ತಿಯು ವಿವಾದದಲ್ಲಿರುವ ಅಧಿಕಾರಿಗಳು ವಿವಾದ ಇತ್ಯರ್ಥವಾಗುವವರೆಗೆ ನಡೆದು ಬರತಕ್ಕದ್ದು.

3. ಚಾಲನೆಯಲ್ಲಿ ಚಾಲಕನು ಫೋನ್ ಬಳಸುವಂತಿಲ್ಲ. ಅಧಿಕಾರಿಯು ಹಿಡಿದು ತೋರಿಸುವ ಫೋನ್ ಚಾಲಕನದಲ್ಲವಾದ್ದರಿಂದ ಈ ನಿಷೇಧಕ್ಕೆ ಒಳಪಡದು. ತೋರಿಸಿದ ಫೋಟೋವನ್ನು ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ಮೆಚ್ಚತಕ್ಕದ್ದು.

4. ನಿದ್ದೆಗೆಟ್ಟ ಚಾಲಕನು ವಾಹನ ಚಲಾಯಿಸುವುದು ಅಪಾಯಕರ. ಆದಕಾರಣ, ರಾತ್ರಿ ಅಧಿಕಾರಿಯ ಮನೆಗೆಲಸಕ್ಕೆ ಓಡಾಡಿದ ಚಾಲಕನು ನಿದ್ದೆಗೆಟ್ಟಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ.

5. ಬೋಳು ಟೈರಿನ ಬದಲಿಗೆ ಹೊಸ ಟೈರು ಕೋರುವವರು, ಹಳೆಯದು ಸಿಡಿದಿರುವುದಕ್ಕೆ ಸಾಕ್ಷಿಯಾಗಿ ಅದನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು. ಖುದ್ದಾಗಿ ಬರುವ ಸ್ಥಿತಿಯಲ್ಲಿಲ್ಲದ ಚಾಲಕರು ವಾರಸುದಾರರ ಮೂಲಕ ಕಳುಹಿಸಬಹುದು.

6. ಅಧಿಕಾರಿಯು ಮನೆಯಿಂದ ತಡವಾಗಿ ಹೊರಟ ದಿನ ರಸ್ತೆಯ ಉದ್ದ ಕಡಿಮೆಯಾಗಿದೆಯೆಂದು ಭಾವಿಸಿ ಎಂದಿನ ವೇಗದಲ್ಲೇ ಹೋಗತಕ್ಕದ್ದು. ಆದರೂ ಬೇಗ ತಲುಪತಕ್ಕದ್ದು.

7. ಜೀಬ್ರಾ ಪಟ್ಟೆಗಳನ್ನು ಗಣ್ಯರು ಉದ್ಘಾಟಿಸುವ ಮೊದಲು ಯಾರೂ ಬಳಸುವಂತಿಲ್ಲ. ಅಂದು ದಾಟಿದ ವೃದ್ಧರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ಆಚೆ ಬದಿಯಲ್ಲಿ ತಮ್ಮ ಮನೆಯಿದೆ ಎಂಬ ಅವರ ಸಮಜಾಯಿಷಿಯು ತೃಪ್ತಿಕರವಾಗಿಲ್ಲ.

8. ಬರೆದುಕೊಡಲು ಒಪ್ಪದ ಗ್ಯಾಪಣ್ಣನನ್ನು ಕೆಲಸದಿಂದ ತೆಗೆಯುವ ಆದೇಶದೊಂದಿಗೆ ಈ ಸುತ್ತೋಲೆಯ ಕರಡನ್ನು ನಿರ್ದೇಶಕರು ಸಹಿಗಾಗಿ ಮನೆಗೆ ಒಯ್ದಿದ್ದರು. ಅಲ್ಲಿ ಅವರ ಮಗಳು ಅದನ್ನು ಓದಿ, ತನ್ನ ಮಕ್ಕಳನ್ನು ದಿನಾ ಶಾಲೆಗೆ ಬಿಡುವ ಇಲಾಖೆಯ ಚಾಲಕನೂ ಹೀಗೆ ಬರೆದುಕೊಟ್ಟಿದ್ದಾನೆಯೇ ಎಂದು ವಿಚಾರಿಸಿದರು. ಬರೆದುಕೊಟ್ಟಿದ್ದಾನೆ ಎಂದು ನಿರ್ದೇಶಕರು ಹೆಮ್ಮೆಯಿಂದ ತಿಳಿಸಿದರು. ತದನಂತರ ನಡೆದ ಮಾತುಕತೆಯು ಈ ಕಚೇರಿಯ ಕಡತದಲ್ಲಿ ಲಭ್ಯವಿರುವುದಿಲ್ಲ. ಮರುದಿನ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗಲಿಲ್ಲ. ನಿರ್ದೇಶಕರು ತಿಂಡಿ ತಿನ್ನದೆ ಕಚೇರಿಗೆ ಬಂದರು.

9. ಆದ್ದರಿಂದ, ಕೆಲಸದಿಂದ ತೆಗೆಯುವುದು ತೀರಾ ಲಘು ಶಿಕ್ಷೆಯಾಗುವುದೆಂದು ಮನಗಂಡು, ಗ್ಯಾಪಣ್ಣನನ್ನು ನಿರ್ದೇಶಕರ ಮೊಮ್ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಕಾರಿಗೆ ಶಿಕ್ಷಾರೂಪವಾಗಿ ನಿಯೋಜಿಸಲಾಗಿದೆ. ಆದೇಶ ಕೇಳಿ ಅವನು ಬೆಂಚಿನಿಂದ ಏಳದೆಯೇ, ಟೈರು ಹೊಸದು ಬೇಕು, ಹಿಂದಿನ ಸೀಟಿನಿಂದ ಯಾರೂ ಬಾಯಿ ಹಾಕಬಾರದು, ಇವಿಷ್ಟನ್ನು ಸಾಹೇಬರು ಬರೆದುಕೊಡಲಿ ಎಂದ. ನಿರ್ದೇಶಕರು ನಿಂತಲ್ಲೇ ಬರೆದುಕೊಟ್ಟಿದ್ದಾರೆ. ಸದರಿ ಕಾರಿಗೆ ಈ ಸುತ್ತೋಲೆಯ 1ರಿಂದ 7ರವರೆಗಿನ ಯಾವ ಕಂಡಿಕೆಯೂ ಅನ್ವಯಿಸುವುದಿಲ್ಲ. ಉಳಿದ ಎಲ್ಲ ಕಾರುಗಳಿಗೆ, ಅವುಗಳಲ್ಲಿ ಕುಳಿತವರಿಗೆ, ಅವುಗಳ ಮುಂದೆ ಬರುವವರಿಗೆ ತಪ್ಪದೆ ಅನ್ವಯಿಸುತ್ತವೆ.

(ಸಹಿ ಇದೆ)
ಉಪನಿರ್ದೇಶಕರು (ಆಡಳಿತ)
ನಿರ್ದೇಶಕರ ಪರವಾಗಿ, ಅವರ ಮಗಳ ಸೂಚನೆಯ ಮೇರೆಗೆ

ಪ್ರತಿಗಳು:
1. ಲೆಕ್ಕಾಧಿಕಾರಿಗಳು: ಬಾಗಿಲಿನ ಫೋಟೋವನ್ನು ಕಡತಕ್ಕೆ ಒದಗಿಸುವ ಕೋರಿಕೆಯೊಂದಿಗೆ.
2. ರಸ್ತೆ ದಾಟಿದ ವೃದ್ಧರು: ಆಚೆ ಬದಿಯ ವಿಳಾಸಕ್ಕೆ.
3. ನಿರ್ದೇಶಕರ ಮಗಳು: 9ನೇ ಕಂಡಿಕೆ ಮಾತ್ರ.
4. ಹತ್ತಿರದ ಆಸ್ಪತ್ರೆ: ಮುಂಗಡ ಮಾಹಿತಿಗಾಗಿ.
5. ಎಲ್ಲ ಚಾಲಕರು: ಕಾರು ಓಡಿಸುತ್ತಲೇ ಗಟ್ಟಿಯಾಗಿ ಓದತಕ್ಕದ್ದು.